ಕಟ್ಟಿಗೆ ಒಲೆಯ ಮಟನ್ ಸ್ಟೂ: ಉರಿ ಕಡಿಮೆ, ಹೊತ್ತು ಹೆಚ್ಚು

ನವೆಂಬರ್‌ನಿಂದ ಫೆಬ್ರವರಿಯ ತನಕ ನಮ್ಮ ಸದಸ್ಯರ ಬಳಿಗೆ ಬರುವ ಆರ್ಡರುಗಳಲ್ಲಿ ಒಂದು ಹೊಸ ಬಗೆ ಸೇರಿಕೊಂಡಿದೆ. ಕರ್ಜತ್ ಅಥವಾ ಪನ್ವೇಲ್ ಕಡೆಯ ಫಾರ್ಮ್‌ಹೌಸ್, ಗೋರಾಯಿ ಅಥವಾ ಮಡ್‌ನ ಬಂಗಲೆ, ಠಾಣೆಯ ಯೇವೂರು ಗುಡ್ಡದ ಬುಡ. ಎಂಬತ್ತು ನೂರು ಜನ. ನಡುವೆ ಬೆಂಕಿ, ಬೆಂಕಿಯ ಮೇಲೆ ದೊಡ್ಡ ಪಾತ್ರೆ, ಅದರಲ್ಲಿ ‘ಕೌಬಾಯ್ ಸ್ಟೂ’. ಗಿರಾಕಿ ಯಾವುದೋ ಇಂಗ್ಲಿಷ್ ಸಿನಿಮಾದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ‘ಹೀಗೇ ಬೇಕು’ ಎನ್ನುತ್ತಾರೆ. ದರವೂ ಸಾಧಾರಣ ಬಫೆಗಿಂತ ಮೇಲು. ಹೀಗಿರುವಾಗ ಬೇಡ ಎನ್ನುವವರು ಯಾರು? ಆದರೆ ಈ ಆರ್ಡರನ್ನು ಹಗುರವಾಗಿ ತೆಗೆದುಕೊಂಡವರಿಗೆ ರಾತ್ರಿ ಒಂಬತ್ತು ಗಂಟೆಗೆ ಮಾಂಸ ಬೇಯದೆ ಉಳಿಯುವುದೂ, ಮರುದಿನ ಹನ್ನೊಂದು ಗಂಟೆಗೆ ಗಿರಾಕಿಯ ಫೋನು ಬರುವುದೂ ಹೊಸತಲ್ಲ. ಎರಡನ್ನೂ ತಪ್ಪಿಸಬಹುದು. ಹೇಗೆಂದು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಈ ಸ್ಟೂ ಏನೆಂದು ತಿಳಿದಿರಲಿ. ಅಮೆರಿಕದ ಟೆಕ್ಸಾಸ್ ಕಡೆಯಿಂದ ಸಾವಿರಾರು ದನಗಳನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಉತ್ತರದ ರೈಲು ನಿಲ್ದಾಣಗಳಿಗೆ ಸಾಗಿಸುತ್ತಿದ್ದವರೇ ಕೌಬಾಯ್‌ಗಳು. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಳ ಒಡೆಯ ಹಳೆಯ ಸೈನ್ಯದ ಗಾಡಿಯೊಂದಕ್ಕೆ ಡಬ್ಬಗಳ ಕಪಾಟು, ಮಡಚುವ ಮೇಜು, ನೀರಿನ ಪೀಪಾಯಿ ಕೂಡಿಸಿ ಸಂಚಾರಿ ಅಡುಗೆಮನೆ ಮಾಡಿಸಿದ. ನಮ್ಮ ಕೇಟರಿಂಗ್ ಟೆಂಪೋಗಳ ಅಜ್ಜ ಎನ್ನಬಹುದು. ಮೂರು ಕಾಲಿನ ಎರಕದ ಕಬ್ಬಿಣದ ಮಡಕೆಯನ್ನು ಕೆಂಡದ ಮೇಲಿಟ್ಟು, ಅಂಚು ಕಟ್ಟಿದ ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ನಮ್ಮವರ ದಮ್ ಇದೇ ಅಲ್ಲವೇ? ಒಳಗೆ ಹಾಕುತ್ತಿದ್ದುದು ಬಿರುಸಾದ ಮಾಂಸ, ಒಣ ಬೀನ್ಸ್, ಈರುಳ್ಳಿ. ಕರು ಕಡಿದ ದಿನ ಅದರ ಗುಂಡಿಗೆ, ಪಿತ್ತಜನಕಾಂಗ, ನಾಲಿಗೆ ಎಲ್ಲವೂ. ಮೆಣಸು, ಜೀರಿಗೆಯ ರುಚಿ ಮೆಕ್ಸಿಕೋ ಕಡೆಯ ದನಗಾಹಿಗಳಿಂದ ಬಂದದ್ದು.

ಅಂದರೆ ಇದು ಬಡ ಮಾಂಸದ, ಬಹಳ ಹೊತ್ತಿನ ಅಡುಗೆ. ಅದರ ಗುಟ್ಟು ಮಸಾಲೆಯಲ್ಲಿಲ್ಲ. ಊರಿನಲ್ಲಿ ನೇಮ, ಕೋಲ, ಮದುವೆಗಳಿಗೆ ಮೂರು ಕಲ್ಲಿನ ಒಲೆಯ ಮೇಲೆ ಕೊಪ್ಪರಿಗೆಯಿಟ್ಟು ಗಸಿ ಮಾಡುತ್ತಿದ್ದ ಹಿರಿಯರು ಇದನ್ನು ನೋಡಿದರೆ ‘ಇದರಲ್ಲಿ ಹೊಸತೇನು ಮಾರಾಯ್ರೆ’ ಎಂದಾರು. ಅವರು ಹೇಳುವುದು ಸರಿ. ಆದರೆ ಮುಂಬಯಿಯಲ್ಲಿ ಇಪ್ಪತ್ತು ವರ್ಷ ಗ್ಯಾಸ್ ಭಟ್ಟಿಯಲ್ಲೇ ದುಡಿದ ನಮ್ಮ ಹುಡುಗರಿಗೆ ಕಟ್ಟಿಗೆಯ ಉರಿ ಹಿಡಿಯುವ ಕೈ ತಪ್ಪಿಹೋಗಿದೆ.

ಯಾವ ಮಾಂಸ

ಅಮೆರಿಕದ ಪಾಕದಲ್ಲಿರುವುದು ದನದ ಮಾಂಸ. ಮಹಾರಾಷ್ಟ್ರದಲ್ಲಿ 1995ರ ತಿದ್ದುಪಡಿ ಮಸೂದೆಗೆ 2015ರ ಮಾರ್ಚ್‌ನಲ್ಲಿ ಅಂಕಿತ ದೊರೆತ ಮೇಲೆ ಹೋರಿ, ಎತ್ತುಗಳ ವಧೆಗೂ ನಿಷೇಧ ವಿಸ್ತರಿಸಿದೆ. ಆದುದರಿಂದ ಗಿರಾಕಿ ಏನೇ ಕೇಳಲಿ, ನಾವು ಕೊಡುವುದು ಆಡಿನ ಮಟನ್ ಎಂದು ಮೊದಲ ಮಾತಿನಲ್ಲೇ ಹೇಳಿ ಬರೆದುಕೊಳ್ಳುವುದು ಒಳ್ಳೆಯದು. ಆಡಿನ ಮಾಂಸ ಈ ಅಡುಗೆಗೆ ಬಹಳ ಚೆನ್ನಾಗಿ ಒಗ್ಗುತ್ತದೆ ಎಂಬುದು ನಮ್ಮ ಅನುಭವ.

ಒಗ್ಗಬೇಕಾದರೆ ಭಾಗ ಸರಿಯಾಗಿ ಆರಿಸಬೇಕು. ‘ಪಾರ್ಟಿ ದೊಡ್ಡದು, ರಾನ್ ಹಾಕಿ’ ಎನ್ನುವ ಗಿರಾಕಿಗಳಿದ್ದಾರೆ. ಬರೇ ರಾನ್ ಹಾಕಿ ಮೂರು ಗಂಟೆ ಬೇಯಿಸಿದರೆ ನಾರುನಾರಾಗಿ ಒಣಗುತ್ತದೆ. ನಮಗೆ ಬೇಕಾದ್ದು ದಸ್ತಿ, ಗರ್ದನ್, ಸೀನಾ, ನಲ್ಲಿ. ಓಡಾಡುವ, ಭಾರ ಹೊರುವ ಈ ಭಾಗಗಳಲ್ಲಿ ಬಿಳಿ ಪೊರೆ, ನರ, ಅಂಟು ಜಾಸ್ತಿ. ಈ ಅಂಟಿನ ಹೆಸರು ಕೊಲಾಜನ್. ಇದು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಕರಗಿ ಜಿಲಾಟಿನ್ ಆಗುತ್ತದೆ. ಎಸರು ತುಟಿಗೆ ಅಂಟುವಷ್ಟು ದಪ್ಪವಾಗುವುದು ಇದರಿಂದಲೇ, ಹಿಟ್ಟಿನಿಂದಲ್ಲ. ಆದರೆ ಕರಗಲು ಗಂಟೆಗಳೇ ಬೇಕು. ಉರಿ ಜೋರು ಮಾಡಿ ಕೊತಕೊತ ಕುದಿಸಿದರೆ ಅಂಟು ಕರಗುವ ಮೊದಲೇ ಮಾಂಸದ ನಾರು ಬಿಗಿದುಕೊಂಡು ತನ್ನ ರಸವನ್ನೆಲ್ಲ ಹಿಂಡಿಬಿಡುತ್ತದೆ. ಹೊರಗೆ ಪುಡಿ, ಒಳಗೆ ಗಟ್ಟಿ. ಎಳೆಯ ಮರಿಯಾದರೆ ಒಂದೂಕಾಲು ಗಂಟೆ ಸಾಕು, ಬೆಳೆದ ಬೊಕ್ಕಡ್ ಆದರೆ ಎರಡೂವರೆಯಿಂದ ಮೂರು ಗಂಟೆ ಹಿಡಿದುಕೊಳ್ಳಿ. ಈ ಅಡುಗೆಗೆ ಬೊಕ್ಕಡವೇ ಸೈ. ದೇವನಾರಿನಿಂದ ಬರುವ ಪಾಲಿಕೆಯ ಮೊಹರಿನ ಮಾಂಸವನ್ನೇ ಕೊಳ್ಳಿ, ತುಂಡು 40–45 ಗ್ರಾಮಿನದಾಗಿರಲಿ. ಬಿರಿಯಾನಿಯ ತುಂಡಿಗಿಂತ ದೊಡ್ಡದು ಎಂದು ಕಸಾಯಿಗೆ ಮೊದಲೇ ತಿಳಿಸಿ.

ಬೇಗ ಬೇಯಲೆಂದು ಹಸಿ ಪಪ್ಪಾಯಿ ಅರೆದು ಹಚ್ಚುವವರು, ಅಡಿಕೆ ಹೋಳು ಹಾಕುವವರು ನಮ್ಮಲ್ಲಿದ್ದಾರೆ. ಮೂರು ಗಂಟೆ ಬೇಯುವ ಮಾಂಸಕ್ಕೆ ಪಪ್ಪಾಯಿ ಹಾಕಿದರೆ ಕೊನೆಗೆ ಸಿಗುವುದು ಮುದ್ದೆ. ಅಡಿಕೆಯನ್ನು ಊಟದ ನಂತರದ ತಟ್ಟೆಗೇ ಬಿಡೋಣ.

ನೂರು ಜನಕ್ಕೆ, ಜತೆಗೆ ಬೇರೆ ಪದಾರ್ಥಗಳೂ ಇದ್ದರೆ, ಎಲುಬು ಸಹಿತ 18 ಕಿಲೋ ಮಟನ್ ಸಾಕಾಗುತ್ತದೆ. ಅದಕ್ಕೆ ಈರುಳ್ಳಿ 6 ಕಿಲೋ, ಬಟಾಟೆ 5 ಕಿಲೋ, ಟೊಮೇಟೊ 3 ಕಿಲೋ, ಗಜ್ಜರಿ 2 ಕಿಲೋ, ಒಣ ರಾಜ್ಮಾ 2 ಕಿಲೋ. ಮಸಾಲೆಗೆ ಬ್ಯಾಡಗಿ ಮೆಣಸು 400 ಗ್ರಾಮ್ ನೆನೆಸಿ ಅರೆದದ್ದು, ಹುರಿದ ಕೊತ್ತಂಬರಿ ಬೀಜ 300, ಜೀರಿಗೆ 120, ಕರಿಮೆಣಸು 80, ಬೆಳ್ಳುಳ್ಳಿ 350 ಗ್ರಾಮ್, ನಾಲ್ಕಾರು ತೇಜಪತ್ತೆ. ಇಷ್ಟೇ. ತೆಂಗಿನಕಾಯಿ ಹಾಕಿದರೆ ಅದು ನಮ್ಮ ಗಸಿಯಾಗುತ್ತದೆ; ಅದೂ ಬಹಳ ರುಚಿಯೇ, ಆದರೆ ಗಿರಾಕಿ ಕೇಳಿದ್ದು ಅದಲ್ಲ. ಅಲ್ಲದೆ ಕಾಯಿ ಅರೆದು ಹಾಕಿದ ಪದಾರ್ಥ ಹೊರಗಡೆ ಗಂಟೆಗಟ್ಟಲೆ ನಿಂತರೆ ಬೇಗ ಹಳಸುತ್ತದೆ. ಉಪ್ಪು ಆರಂಭದಲ್ಲಿ 350 ಗ್ರಾಮ್, ಕೊನೆಯಲ್ಲಿ ರುಚಿ ನೋಡಿ ಅರ್ಧ ಕಿಲೋದವರೆಗೆ.

ರಾಜ್ಮಾ ಬಗ್ಗೆ ಒಂದು ಮಾತು

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಹಸಿ ರಾಜ್ಮಾದಲ್ಲಿ ಒಂದು ಸಹಜ ವಿಷವಿದೆ. ಅದು ಹೊಟ್ಟೆಗೆ ಹೋದರೆ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ. ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ. ಆದರೆ ಸ್ಟೂ ಪಾತ್ರೆಯ ಸಣ್ಣ ಕಾವಿನಲ್ಲಿ, ಅಂದರೆ 80 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿದರೆ ಅದು ಕಡಿಮೆಯಾಗುವ ಬದಲು ಹೆಚ್ಚೂ ಆಗಬಹುದು. ಕಾಳು ಮೆತ್ತಗಾಗಿದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಆದ್ದರಿಂದ ರಾಜ್ಮಾವನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಅರ್ಧ ಗಂಟೆ ಜೋರಾಗಿ ಕುದಿಸಿ, ಪೂರ್ತಿ ಬೇಯಿಸಿಯೇ ತೆಗೆದುಕೊಂಡು ಹೋಗಬೇಕು. ಕುಕ್ಕರ್ ಇದ್ದರೆ ಇನ್ನೂ ಉತ್ತಮ. ಹಸಿ ಕಾಳನ್ನು ಒಲೆಯ ಮೇಲಿನ ಸ್ಟೂಗೆ ನೇರ ಹಾಕುವುದು ಸರ್ವಥಾ ಬೇಡ, ವಿದೇಶಿ ಪುಸ್ತಕದಲ್ಲಿ ಹಾಗೆ ಬರೆದಿದ್ದರೂ ಸಹ. ಬೇಯಿಸಿದ ಕಾಳನ್ನು ಹರಡಿ ಆರಿಸಿ, ಐಸ್ ಪೆಟ್ಟಿಗೆಯಲ್ಲಿ ಒಯ್ಯಿರಿ.

ಒಲೆ, ಕಟ್ಟಿಗೆ, ಪಾತ್ರೆ

ಒಂದೇ 70 ಲೀಟರಿನ ಟೋಪಿಗಿಂತ 35–40 ಲೀಟರಿನ ಎರಡು ಪಾತ್ರೆಗಳು ಮೇಲು. ಉರಿ ಹಿಡಿತಕ್ಕೆ ಸಿಗುತ್ತದೆ, ಇಬ್ಬರು ಹುಡುಗರು ಎತ್ತಿ ಇಳಿಸಬಹುದು, ಒಂದರ ತಳ ಹಿಡಿದರೂ ಇನ್ನೊಂದು ಉಳಿಯುತ್ತದೆ. ತಳ ದಪ್ಪವಿರಲಿ. ತೆಳು ಅಲ್ಯೂಮಿನಿಯಂ ಟೋಪು ಗ್ಯಾಸಿಗೆ ಸರಿ, ಕೆಂಡಕ್ಕೆ ಅಲ್ಲ. ತಾಮ್ರದ್ದಾದರೆ ಕಲಾಯಿ ಹೊಸದಾಗಿ ಹಾಕಿಸಿರಬೇಕು. ಟೊಮೇಟೊ ಹುಳಿ ಬೀಳುವ ಪದಾರ್ಥ ಇದು. ಪಾತ್ರೆಯ ಹೊರಮೈಗೆ ಒಲೆಗೇರಿಸುವ ಮೊದಲು ತೆಳುವಾಗಿ ಮಣ್ಣು ಅಥವಾ ಸಾಬೂನಿನ ಗಂಜಿ ಬಳಿದರೆ ಮಸಿ ತೊಳೆಯುವವನು ನಿಮ್ಮನ್ನು ಹರಸುತ್ತಾನೆ.

ಒಲೆಗೆ ಮೂರು ಕಲ್ಲು ಚೆಂದ, ಎರಡು ಸಾಲು ಇಟ್ಟಿಗೆ ಕ್ಷೇಮ. ಇಟ್ಟಿಗೆ ನಾವೇ ಒಯ್ಯಬೇಕು. ತೊರೆಯಿಂದ ಎತ್ತಿದ ಒದ್ದೆ ಕಲ್ಲು ಬೆಂಕಿಯಲ್ಲಿ ಸಿಡಿಯುತ್ತದೆ. ಫಾರ್ಮ್‌ಹೌಸಿನ ಸಿಮೆಂಟು ಅಂಗಳದ ಮೇಲೆ, ಪೇವರ್ ಮೇಲೆ ನೇರವಾಗಿ ಬೆಂಕಿ ಹಾಕಿದರೆ ಅದೂ ಸಿಡಿದು ಚಕ್ಕೆ ಏಳುತ್ತದೆ, ಮಾಲಿಕ ಡಿಪಾಜಿಟ್ ಹಿಡಿದುಕೊಳ್ಳುತ್ತಾನೆ. ನಾಲ್ಕು ಇಂಚು ಮರಳು ಹಾಸಿ ಅದರ ಮೇಲೆ ಇಟ್ಟಿಗೆಯಿಡಿ. ಸುತ್ತ ಹತ್ತು ಅಡಿ ಒಣ ಹುಲ್ಲು ಕೆರೆಸಿ. ಡ್ರಮ್ಮು ನೀರು, ಎರಡು ಬಕೆಟ್ ಮರಳು ಪಕ್ಕದಲ್ಲಿರಲಿ. ಗ್ಯಾಸ್ ಸಿಲಿಂಡರ್, ಮಂಡಪದ ಬಟ್ಟೆ ಇವೆರಡೂ ಇಪ್ಪತ್ತು ಅಡಿಗಿಂತ ಹತ್ತಿರ ಬೇಡ.

ಕಟ್ಟಿಗೆಗೆ ವಖಾರಿಯಲ್ಲಿ ಜಾಲಿ ಅಥವಾ ಮಾವಿನ ಕೊರಡು ಕೇಳಿ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನಬೇಕು. ದಪ್ಪ್ ಎಂದರೆ ಹಸಿ. ಹಸಿ ಕಟ್ಟಿಗೆಯ ತುದಿಯಲ್ಲಿ ನೊರೆ ಬರುತ್ತದೆ, ಹೊಗೆ ಕಣ್ಣು ಕೊರೆಯುತ್ತದೆ, ಸ್ಟೂ ಕಹಿಯಾಗುತ್ತದೆ. ಕೆಂಡ ಬೇಗ ಬೇಕೆಂದರೆ ತೆಂಗಿನ ಕರಟ. ಮಂಡಪದವರು ಬಿಟ್ಟುಹೋದ ಪ್ಲೈವುಡ್ ಚೂರು, ಬಣ್ಣ ಬಳಿದ ಹಲಗೆ, ಹಣ್ಣಿನ ಪೆಟ್ಟಿಗೆ ಇವನ್ನು ಅಡುಗೆಯ ಬೆಂಕಿಗೆ ಹಾಕಲೇಬಾರದು. ಅಂಟು ಮತ್ತು ಬಣ್ಣದ ವಿಷ ಹೊಗೆಯಾಗಿ ಏಳುತ್ತದೆ. ಇಂಥ ಎರಡು ಪಾತ್ರೆಗಳಿಗೆ ಒಟ್ಟು 50 ಕಿಲೋ ಒಣ ಕಟ್ಟಿಗೆ ಎಂದು ನಾವು ಲೆಕ್ಕ ಹಿಡಿಯುತ್ತೇವೆ. ಗಾಳಿ ಬೀಸುವ ಜಾಗವಾದರೆ ಇನ್ನೂ ಹತ್ತು ಕಿಲೋ.

ಹೊತ್ತಿನ ಲೆಕ್ಕ

ಗಿರಾಕಿಯ ಮನಸ್ಸಿನಲ್ಲಿರುವ ಚಿತ್ರ ಹೀಗೆ: ಅತಿಥಿಗಳು ಏಳೂವರೆಗೆ ಬರುತ್ತಾರೆ, ಆಗ ಬೆಂಕಿ ಹಚ್ಚುವುದು, ಎಂಟೂವರೆಗೆ ಊಟ. ಈ ಮಾತಿಗೆ ತಲೆಯಾಡಿಸಿದ ಕೇಟರರ್ ಕೆಟ್ಟ. ಎಂಟೂವರೆಯ ಊಟಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಒಲೆ ಹೊತ್ತಬೇಕು. ಬೇಯಿಸುವ ಬೆಂಕಿ ಬೇರೆ, ತೋರಿಸುವ ಬೆಂಕಿ ಬೇರೆ ಎಂದು ಆರ್ಡರ್ ತೆಗೆದುಕೊಳ್ಳುವಾಗಲೇ ಹೇಳಿಬಿಡಿ. ಅತಿಥಿಗಳು ಸುತ್ತ ಕೂರುವ ದೊಡ್ಡ ಜ್ವಾಲೆಯ ಕ್ಯಾಂಪ್‌ಫೈರನ್ನು ಹದಿನೈದಿಪ್ಪತ್ತು ಅಡಿ ಆಚೆ ಬೇರೆಯೇ ಹಾಕಿ. ಮಕ್ಕಳು ಅಲ್ಲಿರುತ್ತಾರೆ, ಕುದಿಯುವ ಪಾತ್ರೆಯ ಬಳಿ ಸುಳಿಯುವುದಿಲ್ಲ. ಜ್ವಾಲೆಯ ಮೇಲೆ ಸ್ಟೂ ಬೇಯುವುದಿಲ್ಲ, ಬೇಯುವುದು ಕೆಂಡದ ಮೇಲೆ. ಇದನ್ನು ಒಮ್ಮೆ ವಿವರಿಸಿದರೆ ಹೆಚ್ಚಿನ ಗಿರಾಕಿಗಳು ಒಪ್ಪುತ್ತಾರೆ, ಎರಡನೇ ಬೆಂಕಿಯ ಖರ್ಚನ್ನೂ ಕೊಡುತ್ತಾರೆ.

ಎರಡೂವರೆಗೆ ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಮಾಂಸ ಕೆಂಪಗೆ ಹುರಿಯಲು ಶುರು ಮಾಡಿ. ಜೋರು ಉರಿ ಬೇಕಾದದ್ದು ಇಲ್ಲಿ ಮಾತ್ರ. ಒಮ್ಮೆಗೆ 3 ಕಿಲೋ, ಅದಕ್ಕಿಂತ ಹೆಚ್ಚಲ್ಲ. ಹದಿನೆಂಟೂ ಕಿಲೋ ಒಟ್ಟಿಗೆ ಸುರಿದರೆ ಮಾಂಸ ನೀರು ಬಿಟ್ಟು ಅದರಲ್ಲೇ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನಾವು ಗಮನಿಸಿದಂತೆ ಹೆಚ್ಚಿನವರು ಬೇಸರಪಟ್ಟು ಬಿಡುವ ಕೆಲಸ ಇದೇ. ಆದರೆ ‘ಬೆಂಕಿಯ ರುಚಿ’ ಎಂದು ಜನ ಹೊಗಳುವುದರಲ್ಲಿ ಹೆಚ್ಚು ಪಾಲು ಈ ಹುರಿದ ಕೆಂಪಿನದು. ಮುಚ್ಚಿದ ಪಾತ್ರೆಯೊಳಗೆ ಹೊಗೆ ಹೋಗುವುದು ಬಹಳ ಸ್ವಲ್ಪ. ಬಾಣಲೆಯ ತಳಕ್ಕೆ ಹಿಡಿದ ಕೆಂಪು ಕರಕಲನ್ನು ಒಂದು ಚೊಂಬು ನೀರು ಹಾಕಿ ಕೆರೆದು ಪಾತ್ರೆಗೇ ಸುರಿಯಿರಿ. ಕಪ್ಪಾಗಿದ್ದರೆ ಮಾತ್ರ ಚೆಲ್ಲಿ.

ಬಳಿಕ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಬಾಡಿಸಿ, ಮಾಂಸ ಕೂಡಿಸಿ, ಎರಡೂ ಪಾತ್ರೆಗಳಿಗೆ ಸೇರಿ ಸುಮಾರು 12 ಲೀಟರ್ ಬಿಸಿನೀರು. ಒಮ್ಮೆ ಪೂರ್ತಿ ಕುದಿ ಬಂದು ನೊರೆ ತೆಗೆದ ಮೇಲೆ ಉರಿಯುವ ಕೊಳ್ಳಿಗಳನ್ನು ಎಳೆದುಬಿಡಿ. ಇನ್ನು ಕೆಂಡವಷ್ಟೇ. ಮುಚ್ಚಳ ತೆಗೆದು ನೋಡಿದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು. ಮೇಲ್ಮೈಯೆಲ್ಲ ಕುಣಿಯುತ್ತಿದ್ದರೆ ಕೆಂಡ ಬದಿಗೆ ಸರಿಸಿ, ಗುಳ್ಳೆಯೇ ಇಲ್ಲದಿದ್ದರೆ ಒಂದು ಸಲಿಕೆ ಕೆಂಡ ಒಳಗೆ ತಳ್ಳಿ. ಈ ಕೆಲಸಕ್ಕೆಂದೇ ಒಬ್ಬ ಆಳು ಬೇಕು. ಅವನಿಗೆ ಪ್ಲೇಟು ಒರೆಸುವ, ಐಸ್ ತರುವ ಕೆಲಸ ಹಚ್ಚಬೇಡಿ. ಪಕ್ಕದಲ್ಲೇ ಒಂದು ಸಣ್ಣ ಒಲೆಯಲ್ಲಿ ಕರಟ ಉರಿಸಿ ಹೊಸ ಕೆಂಡ ತಯಾರಾಗುತ್ತಲೇ ಇರಲಿ. ಅನುಭವಿಗಳು ಮತ್ತು ಹೊಸಬರ ನಡುವಿನ ವ್ಯತ್ಯಾಸ ಕಾಣುವುದು ಇಲ್ಲಿ.

ಆರೂವರೆಯ ಸುಮಾರಿಗೆ ನಲ್ಲಿಯ ಮಾಂಸ ಎಲುಬು ಬಿಡಲು ಶುರುವಾದ ಮೇಲೆ ಬಟಾಟೆ, ಗಜ್ಜರಿ. ಬಟಾಟೆ ಮೆತ್ತಗಾದ ನಂತರವೇ ಟೊಮೇಟೊ ಹಾಕಬೇಕು. ಹುಳಿಯಲ್ಲಿ ಬಟಾಟೆ ಬೇಯಲು ಹಟ ಮಾಡುತ್ತದೆ. ಕೊನೆಗೆ ಬೇಯಿಸಿದ ರಾಜ್ಮಾ ಹಾಕಿ ಇನ್ನೊಮ್ಮೆ ಕುದಿ ತನ್ನಿ. ಹಿಡಿಯಷ್ಟು ಕಾಳನ್ನು ಸೌಟಿನಿಂದ ಅರೆದು ಬಿಟ್ಟರೆ ಎಸರು ಸಾಕಷ್ಟು ಗಟ್ಟಿಯಾಗುತ್ತದೆ. ಎಂಟು ಗಂಟೆಗೆ ಮೇಲೆ ತೇಲುವ ಕೊಬ್ಬಿನಲ್ಲಿ ಅರ್ಧ ತೆಗೆದುಬಿಡಿ. ಚಳಿಗೆ ಪ್ಲೇಟಿನಲ್ಲಿ ಕೊಬ್ಬು ಹೆಪ್ಪುಗಟ್ಟಿದರೆ ಯಾರೂ ಎರಡನೇ ಸಲ ಬರುವುದಿಲ್ಲ. ಜತೆಗೆ ಲಾದಿ ಪಾವ್ ಕೊಡಿ, ಬೇರೇನೂ ಬೇಡ.

ಮುಂಬಯಿಯ ನೂರು ಅತಿಥಿಗಳಲ್ಲಿ ಮೂವತ್ತು ನಲವತ್ತು ಮಂದಿ ಸಸ್ಯಾಹಾರಿಗಳಿರುವುದು ಸಾಮಾನ್ಯ. ಅವರಿಗೆ ಸುವರ್ಣಗಡ್ಡೆ, ರಾಜ್ಮಾದ ಸ್ಟೂ ಬೇರೆ ಒಲೆಯಲ್ಲಿ, ಬೇರೆ ಸೌಟಿನಲ್ಲಿ, ಬೇರೆ ಆಳಿನ ಕೈಯಲ್ಲಿ ಆಗಲಿ. ಜೈನರಿದ್ದರೆ ಗಡ್ಡೆಗಳೂ ನಡೆಯುವುದಿಲ್ಲವೆಂಬುದು ಸದಸ್ಯರಿಗೆ ಗೊತ್ತೇ ಇದೆ.

ಮರುದಿನದ ಫೋನು

ಮಾಂಸದ ಸ್ಟೂನಲ್ಲಿ ಹೊಟ್ಟೆ ಕೆಡುವುದು ಬೇಯಿಸುವಾಗಿನ ತಪ್ಪಿನಿಂದಲ್ಲ, ಬೆಂದ ಮೇಲಿನ ಅಸಡ್ಡೆಯಿಂದ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಎಂಬ ರೋಗಾಣು ಮಾಂಸದಲ್ಲಿ, ಮಣ್ಣಿನಲ್ಲಿ ಸಹಜವಾಗಿ ಇರುವಂಥದು. ಅದರ ಬೀಜಕಣಗಳು ಕುದಿತದಲ್ಲೂ ಸಾಯುವುದಿಲ್ಲ. ಪಾತ್ರೆ ಒಲೆಯಿಂದಿಳಿದು ನಿಧಾನವಾಗಿ ಆರುತ್ತಾ 45 ಡಿಗ್ರಿಯ ಸುಮಾರಿಗೆ ಬಂದಾಗ ಅವು ಮೊಳೆತು ಅತಿ ವೇಗದಲ್ಲಿ ಹೆಚ್ಚುತ್ತವೆ. ದೊಡ್ಡ ಪಾತ್ರೆ, ದಪ್ಪ ಎಸರು ಎಂದರೆ ಆರಲು ಗಂಟೆಗಟ್ಟಲೆ. ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ. ತಿಂದವರಿಗೆ ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಹೊಟ್ಟೆ ನುಲಿತ, ಭೇದಿ. ನಮಗೆ ಸುದ್ದಿ ಮುಟ್ಟುವುದು ಮರುದಿನ.

ಇದಕ್ಕೆ ಉಪಾಯ ಸುಲಭ. ಊಟ ಮುಗಿಯುವ ತನಕ ಪಾತ್ರೆ ಕೆಂಡದಿಂದ ಇಳಿಯಬಾರದು. ಒಳಗಿನ ಬಿಸಿ 60 ಡಿಗ್ರಿಗಿಂತ ಕೆಳಗೆ ಬರಬಾರದು, ಮಾಂಸಕ್ಕೆ 65 ಇಟ್ಟುಕೊಂಡರೆ ನಿಶ್ಚಿಂತೆ. ಕೈಯಿಂದ ಮುಟ್ಟಿ ಅಂದಾಜು ಮಾಡುವ ಕಾಲ ಹೋಯಿತು. ಕಡ್ಡಿ ಥರ್ಮಾಮೀಟರ್ ಒಂದು ಪ್ರತಿ ಟೆಂಪೋದಲ್ಲೂ ಇರಲಿ. ಬಫೆ ಮೇಜಿಗೆ ಸ್ವಲ್ಪ ಸ್ವಲ್ಪವೇ ತೆಗೆದು ಕೊಡಿ. ಬೆಳಿಗ್ಗೆಯೇ ನಮ್ಮ ಅಡುಗೆಮನೆಯಲ್ಲಿ ಮುಕ್ಕಾಲು ಬೇಯಿಸಿ, ಬಿಸಿ ಪಾತ್ರೆಯನ್ನು ಟೆಂಪೋಗೇರಿಸಿ, ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಮೂರು ಗಂಟೆ ನಿಲ್ಲಿಸಿ, ಸಂಜೆ ಕಟ್ಟಿಗೆಯ ಮೇಲೆ ‘ಬಿಸಿ’ ಮಾಡುವ ಒಂದು ಅಡ್ಡದಾರಿ ಕೆಲವರಲ್ಲಿದೆ. ಇದಕ್ಕಿಂತ ಅಪಾಯದ ವಿಧಾನ ಬೇರೆ ಇಲ್ಲ. ಹಸಿ ಮಾಂಸವನ್ನು ಐಸ್ ಪೆಟ್ಟಿಗೆಯಲ್ಲಿ 5 ಡಿಗ್ರಿಯೊಳಗೆ ಒಯ್ದು ಅಲ್ಲೇ ಬೇಯಿಸಿ. ಸಮಯವಿಲ್ಲದಿದ್ದರೆ ಆರ್ಡರೇ ಬೇಡ.

ಎಲ್ಲಿ ಒಲೆ ಹೂಡಬಾರದು

ಯೇವೂರು, ಆರೆ, ಬೊರಿವಲಿಯ ಆಸುಪಾಸಿನಲ್ಲಿ ಬಂಗಲೆಯ ಬೇಲಿ ಎಲ್ಲಿ ಮುಗಿಯುತ್ತದೆ, ಅರಣ್ಯ ಎಲ್ಲಿ ಶುರುವಾಗುತ್ತದೆ ಎಂದು ಮಾಲಿಕರಿಗೇ ಸರಿಯಾಗಿ ಗೊತ್ತಿರುವುದಿಲ್ಲ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುಮಾರು 100 ಚದರ ಕಿಲೋಮೀಟರ್ ಕಾಡು ನಮ್ಮ ಉಪನಗರಗಳಿಗೆ ಒತ್ತಿಕೊಂಡೇ ಇದೆ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು 1927ರ ಅರಣ್ಯ ಕಾಯ್ದೆಯಂತೆಯೂ, ಅಭಯಾರಣ್ಯದಲ್ಲಾದರೆ 1972ರ ವನ್ಯಜೀವಿ ಕಾಯ್ದೆಯಂತೆಯೂ ಅಪರಾಧ. ಜಾಗದ ಮಾಲಿಕರಿಂದ ಲಿಖಿತ ಒಪ್ಪಿಗೆ ಪಡೆದು, ಗಡಿ ನೋಡಿಕೊಂಡೇ ಒಲೆ ಹೂಡಿ.

ನಗರದೊಳಗಿನ ಮಾತು ಬೇರೆ. ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸ್ ಮುಂತಾದ ಸ್ವಚ್ಛ ಇಂಧನಕ್ಕೆ ಬದಲಾಗಬೇಕೆಂದು ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಆದೇಶಿಸಿತು. ಬೆನ್ನಿಗೇ ಪಾಲಿಕೆ ಇದ್ದಿಲು ತಂದೂರಿನ ಹೊಟೇಲುಗಳಿಗೂ ನೋಟಿಸು ಕೊಟ್ಟಿತು. ಸೊಸೈಟಿಯ ಅಂಗಳದಲ್ಲಿ, ಟೆರೇಸಿನಲ್ಲಿ ಕಟ್ಟಿಗೆ ಒಲೆ ಹೂಡಿಕೊಡಿ ಎನ್ನುವ ಗಿರಾಕಿಗೆ ನಾವು ಇಲ್ಲವೆನ್ನಬೇಕು. ಗ್ಯಾಸ್ ಭಟ್ಟಿಯನ್ನು ಅತಿ ಸಣ್ಣ ಉರಿಯಲ್ಲಿಟ್ಟು, ದಪ್ಪ ತವಾ ಅಡಿಗಿಟ್ಟು ಮೇಲೆ ಹೇಳಿದಂತೆಯೇ ಮಾಡಿದರೆ ಸ್ಟೂ ಕಟ್ಟಿಗೆಯದಕ್ಕೆ ಹತ್ತಿರ ಹತ್ತಿರ ಬರುತ್ತದೆ. ಹೊಗೆಯ ಪರಿಮಳಕ್ಕೆ ಬಡಿಸುವ ಮೊದಲು ಧುಂಗಾರ್: ಎಸರಿನ ಮೇಲೆ ಸಣ್ಣ ಸ್ಟೀಲ್ ಬಟ್ಟಲು ತೇಲಿಸಿ, ಅದರಲ್ಲೊಂದು ನಿಗಿನಿಗಿ ಕೆಂಡ, ಒಂದು ಚಮಚ ತುಪ್ಪ, ಐದು ನಿಮಿಷ ಮುಚ್ಚಳ. ಇದನ್ನೂ ಬಯಲಲ್ಲೇ ಮಾಡಿ. ಮುಚ್ಚಿದ ಹಾಲಿನೊಳಗೆ, ಏಸಿ ಕೋಣೆಯೊಳಗೆ ಇದ್ದಿಲ ಸಿಗಡಿ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ಹೋಗುತ್ತದೆ.

ಪಾರ್ಟಿ ಮುಗಿದ ಮೇಲೆ ಉಳಿದ ಸ್ಟೂ ‘ಪ್ಯಾಕ್ ಮಾಡಿಕೊಡಿ’ ಎಂದು ಮನೆಯವರು ಕೇಳುವುದುಂಟು. ಕೆಂಡದ ಮೇಲೆಯೇ ಇದ್ದ ಪಾತ್ರೆಯದಾದರೆ ಆಳ ಕಡಿಮೆಯಿರುವ ಟ್ರೇಗಳಿಗೆ ಹರಡಿ, ಐಸಿನ ಮೇಲಿಟ್ಟು ಎರಡು ಗಂಟೆಯೊಳಗೆ ತಣ್ಣಗೆ ಮಾಡಿದ ಬಳಿಕವೇ ಕೊಡಬೇಕು. ಫ್ರಿಜ್ಜಿನಲ್ಲಿಟ್ಟು, ಮರುದಿನ ಕುದಿ ಬರುವಷ್ಟು ಬಿಸಿ ಮಾಡಿಯೇ ತಿನ್ನಿ ಎಂದು ಬಾಯಲ್ಲಿ ಹೇಳಿ. ಮೇಜಿನ ಮೇಲಿದ್ದುದನ್ನು ಚೆಲ್ಲಿಬಿಡಿ. ಹುಡುಗರು ಟೆಂಪೋ ಹತ್ತುವ ಮೊದಲು ಎರಡೂ ಬೆಂಕಿಗಳಿಗೆ ನೀರು ಹೊಯ್ದು, ಕೋಲಿನಿಂದ ಕೆದಕಿ, ಮತ್ತೆ ನೀರು ಹೊಯ್ದು, ಬೂದಿಯ ಮೇಲೆ ಅಂಗೈ ಹಿಡಿದರೆ ಬಿಸಿ ತಾಗದಷ್ಟು ತಣಿಸಬೇಕು. ತಣಿದ ಬೂದಿಯನ್ನು ತಗಡಿನ ಡಬ್ಬದಲ್ಲಿ ತುಂಬಿ ಇಟ್ಟಿಗೆಗಳ ಜತೆಗೇ ವಾಪಸು ತನ್ನಿ, ಮಸಿ ಹಿಡಿದ ಪಾತ್ರೆ ತಿಕ್ಕಲು ಬರುತ್ತದೆ.